ಒಂದು ನಂಬರ್ ದೊಡ್ಡದೇ ಇರಲಿ

ನಮ್ಮ ಮನೆಯಲ್ಲಿ ಯಾರಿಗೂ ಸರಿಯಾದ ಅಳತೆಯ ಗಂಬೂಟು ಇಲ್ಲ. ಎಲ್ಲರದ್ದೂ ಒಂದು ನಂಬರ್ ದೊಡ್ಡದು. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಅಪ್ಪ ಬೂಟಿನವರಿಗೆ ಹೇಳುತ್ತಿದ್ದದ್ದು ಒಂದೇ ಮಾತು, "ಒಂದು ನಂಬರ್ ದೊಡ್ಡದೇ ಇರಲಿ." ಕಾರಣವೂ ಇತ್ತು ಅನ್ನಿ. ದಪ್ಪ ಕಾಲುಚೀಲ ಹಾಕಬೇಕು, ಪ್ಯಾಂಟಿನ ತುದಿ ಒಳಗೆ ತುರುಕಬೇಕು, ತೋಟದಲ್ಲಿ ಜಿಗಣೆ ಒಳಗೆ ಇಳಿದರೆ ತಕ್ಷಣ ಕಾಲು ಎಳೆದುಕೊಳ್ಳೋ ಹಾಗಿರಬೇಕು. ಮಕ್ಕಳದ್ದಾದರೆ ಮುಂದಿನ ಮಳೆಗಾಲಕ್ಕೂ ಆಗಬೇಕು. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಟಿನೊಳಗೆ ಪಚಕ್ ಪಚಕ್ ಅನ್ನಿಸಿಕೊಂಡೇ ಓಡಾಡಿದವರು ನಾವು.

ಈ ಬುದ್ಧಿಯನ್ನೇ ಗಂಟು ಕಟ್ಟಿಕೊಂಡು ಗುಲ್ಮಾರ್ಗಿಗೆ ಸ್ಕೀಯಿಂಗ್ ಕಲಿಯೋಕೆ ಹೋದೆ.

ಫೆಬ್ರವರಿ, ರೊಬಸ್ಟಾ ಕುಯ್ಲಿನ ಹೊತ್ತು. ಕಣದ ತುಂಬ ಕಾಫಿ ಹರಡಿದೆ. "ಜಾರೋಕೆ ಕಾಶ್ಮೀರಕ್ಕೆ ಯಾಕೆ ಹೋಗಬೇಕು, ಕಕ್ಕಡ ತಿಂಗಳ ಮಳೆಯಲ್ಲಿ ನಮ್ಮ ಅಂಗಳಕ್ಕೆ ಇಳಿದರೆ ಸಾಕಲ್ಲ" ಅಂದರು ಅಮ್ಮ. ಅದೂ ನಿಜವೇ.

ಬಾಡಿಗೆ ಅಂಗಡಿಯ ಸ್ಕೀ ಬೂಟು ನೋಡಿದ ಕೂಡಲೇ ಗಂಬೂಟಿನ ದೊಡ್ಡಣ್ಣ ಅನ್ನಿಸಿತು. ಹೊರಗೆ ಗಟ್ಟಿ ಪ್ಲಾಸ್ಟಿಕ್ ಚಿಪ್ಪು, ಒಳಗೆ ಮೆತ್ತನೆಯ ಇನ್ನೊಂದು ಬೂಟು, ಮುಂದೆ ನಾಲ್ಕು ಬಕಲ್. ಇದಕ್ಕೆ ನಮ್ಮ 7, 8, 9ರ ಲೆಕ್ಕ ಇಲ್ಲ. ಮಾಂಡೊಪಾಯಿಂಟ್ ಅಂತಾರೆ. ಪಾದದ ಉದ್ದ ಎಷ್ಟು ಸೆಂಟಿಮೀಟರೋ ಅದೇ ನಂಬರ್. ನನ್ನದು 26.5. ಅಂಗಡಿಯ ಹುಡುಗ ಅದನ್ನೇ ಕೊಟ್ಟ. ಹಾಕಿ ನೆಟ್ಟಗೆ ನಿಂತರೆ ಹೆಬ್ಬೆರಳು ಮುಂದೆ ತಾಗಿತು. ತಾಗಿದರೆ ಚಿಕ್ಕದು ಅಂತ ತಾನೇ ನಾವು ಕಲಿತಿದ್ದು? ಕೇಳಿ 28.5 ತಗೊಂಡೆ. ಸಾಲದ್ದಕ್ಕೆ ಒಂದರ ಮೇಲೊಂದು ಎರಡು ಜೊತೆ ಉಣ್ಣೆ ಕಾಲುಚೀಲ.

ಮೊದಲ ಅರ್ಧ ಗಂಟೆ ಸ್ವರ್ಗ. ಆಮೇಲೆ ಶುರುವಾಯಿತು. ಎಡಕ್ಕೆ ತಿರುಗೋಣ ಅಂತ ಮೊಣಕಾಲು ಬಗ್ಗಿಸಿ ಒತ್ತಿದರೆ ಕಾಲು ಬೂಟಿನೊಳಗೇ ತಿರುಗುತ್ತಿತ್ತು, ಬೂಟಿನ ಕೆಳಗಿನ ಸ್ಕೀ ಹಲಗೆ ಮಾತ್ರ ತನಗೇನೂ ಸಂಬಂಧ ಇಲ್ಲ ಅನ್ನೋ ಹಾಗೆ ನೇರ ಹೋಗಿ ನನ್ನನ್ನು ಹಿಮದಲ್ಲಿ ಕೆಡವಿ ನಿಲ್ಲುತ್ತಿತ್ತು. ಹಿಮ್ಮಡಿ ಒನಕೆಯ ಹಾಗೆ ಎದ್ದು ಬಿದ್ದು ಮಾಡುತ್ತಿತ್ತು. ಸಡಿಲ ಅಲ್ವಾ ಅಂತ ಬಕಲ್‌ಗಳನ್ನು ಕೊನೆಯ ಹಲ್ಲಿನವರೆಗೆ ಬಿಗಿದೆ. ರಕ್ತ ಓಡಾಡೋದು ನಿಂತು ಪಾದ ಮರಗಟ್ಟಿತು. ಎರಡು ಕಾಲುಚೀಲ ಹಾಕಿದ್ದೇ ಬೆಚ್ಚಗಿರಲಿ ಅಂತ, ಕಾಲು ಕೊರೆಯೋಕೆ ಶುರುವಾಗಿದ್ದೂ ಅದರಿಂದಲೇ. ಸಂಜೆ ನೋಡಿದರೆ ಹೆಬ್ಬೆರಳಿನ ಉಗುರು ಕಪ್ಪು. ದೊಡ್ಡ ಬೂಟಿನಲ್ಲಿ ಉಗುರು ಹೇಗೆ ಜಜ್ಜಿತು ಅಂತ ನನಗೆ ಅರ್ಥವೇ ಆಗಲಿಲ್ಲ. ಕಾಲು ಮುಂದಕ್ಕೆ ಜಾರಿ ಜಾರಿ ಗುದ್ದಿತ್ತು, ಅಷ್ಟೇ.

ಮರುದಿನ ಕಲಿಸುವವರು ಏನೂ ಕೇಳಲಿಲ್ಲ. ಒಳಬೂಟನ್ನು ಕಿತ್ತು ಪಕ್ಕಕ್ಕಿಟ್ಟು, ಬರೀ ಚಿಪ್ಪಿನೊಳಗೆ ನನ್ನ ಕಾಲು ಇಡಿಸಿ, ಬೆರಳು ಮುಂದೆ ತಾಗುವಷ್ಟು ಜಾರಿಸಿದರು. ಹಿಮ್ಮಡಿಯ ಹಿಂದೆ ಕೈ ಹಾಕಿದರು. ಅಲ್ಲಿ ಇರಬೇಕಾದ ಜಾಗ ಒಂದೂವರೆ, ಜಾಸ್ತಿ ಅಂದರೆ ಎರಡು ಸೆಂಟಿಮೀಟರ್, ಅಂದರೆ ಎರಡು ಬೆರಳು ಹಿಡಿಸುವಷ್ಟು. ಅವರು ನಾಲ್ಕೂ ಬೆರಳು ಹಾಕಿ ಆಡಿಸಿ ನನ್ನ ಮುಖ ನೋಡಿದರು.

ಹಳೆಯ 26.5 ವಾಪಸ್ ಬಂತು, ತೆಳ್ಳಗಿನ ಒಂದೇ ಕಾಲುಚೀಲದ ಜೊತೆ. ನಿಂತಾಗ ಬೆರಳು ತಾಗಿತು. "ಈಗ ಮೊಣಕಾಲು ಬಗ್ಗಿಸಿ" ಅಂದರು. ಕಣಕಾಲಿನ ಮುಂಭಾಗ ಬೂಟಿಗೆ ಒತ್ತಿಕೊಂಡಿತು, ಹಿಮ್ಮಡಿ ಹಿಂದೆ ಹೋಗಿ ಕೂತಿತು, ಬೆರಳು ತಾನಾಗಿಯೇ ಬಿಡಿಸಿಕೊಂಡಿತು. ಅಂಗಡಿಯಲ್ಲಿ ನಾನು ನೆಟ್ಟಗೆ ನಿಂತು ತೀರ್ಪು ಕೊಟ್ಟುಬಿಟ್ಟಿದ್ದೆ! ಸ್ಕೀ ಮಾಡುವಾಗ ನೆಟ್ಟಗೆ ನಿಲ್ಲುವವರು ಯಾರು?

ಅಕ್ಕಪಕ್ಕ ಮಾತ್ರ ಹಿಡಿಯುತ್ತಿತ್ತು. ಬರಿಗಾಲಲ್ಲಿ ಗದ್ದೆ ಬದುವಿನ ಮೇಲೆ ಓಡಿ ಬೆಳೆದ ಪಾದ, ಮುಂದೆ ಬೀಸಣಿಗೆ ಹಾಗೆ ಅಗಲ. ಕಿರಿದಾದ ಬೂಟಿನಲ್ಲಿ ಆ ಜಾಗ 98 ಮಿಲಿಮೀಟರ್ ಇದ್ದರೆ ಅಗಲದ್ದರಲ್ಲಿ 102 ಇರುತ್ತದೆ. ಆ ನಾಲ್ಕು ಮಿಲಿಮೀಟರಿಗೆ ಇಷ್ಟು ಬೆಲೆ ಇದೆ ಅಂತ ಗೊತ್ತಿರಲಿಲ್ಲ. ಸ್ವಂತ ಬೂಟು ಕೊಂಡವರು ಬೂಟ್ ಫಿಟ್ಟರ್ ಹತ್ತಿರ ಹೋಗಿ, ಹಿಡಿಯೋ ಕಡೆ ಚಿಪ್ಪನ್ನು ಬಿಸಿ ಮಾಡಿ ಉಬ್ಬಿಸಿಕೊಳ್ಳುತ್ತಾರಂತೆ. ಒಳಬೂಟೂ ಹಾಕ್ತಾ ಹಾಕ್ತಾ ಅಮುಕಿಕೊಂಡು ಜಾಗ ಬಿಡುತ್ತದೆ. ಆದರೆ ದೊಡ್ಡ ಚಿಪ್ಪನ್ನು ಚಿಕ್ಕದು ಮಾಡೋಕೆ ಆಗೋದಿಲ್ಲ. ಅಂಗಿಯಾದರೆ ಹಿಡಿದು ಹೊಲಿಯಬಹುದು. ನಮ್ಮ ಮನೆಯ ಲೆಕ್ಕವೆಲ್ಲ ಅಂಗಿಯದ್ದು.

ಮೊನ್ನೆ ಮೇ ಕೊನೆಯಲ್ಲಿ ಸಂತೆಯಲ್ಲಿ ಹೊಸ ಗಂಬೂಟಿಗೆ ಕಾಲು ಹಾಕಿದೆ. ಸುಮ್ನೆ ಇರಲಾರದೆ ಬೆರಳು ಮುಂದೆ ತಾಗಿಸಿ, ಬಗ್ಗಿ, ಹಿಮ್ಮಡಿಯ ಹಿಂದೆ ಎರಡು ಬೆರಳು ಇಳಿಸಿ ತಡಕಾಡತೊಡಗಿದೆ. ಬೂಟಿನವರು ಸ್ವಲ್ಪ ಹೊತ್ತು ನೋಡಿದರು.

"ಹೊಸಾ ಬೂಟು ಸಾರ್," ಅಂದರು, "ಜಿಗಣೆ ಇರಲ್ಲ."