ಇದನ್ನೂ ಹಾಕ್ಕೊಳಪ್ಪ

"ಇದನ್ನೂ ಹಾಕ್ಕೊಳಪ್ಪ." ಅಷ್ಟೇ ಅಂದದ್ದು. ನಿನ್ನೆಯಿಂದ ತಲೆಯಲ್ಲಿ ಇದೇ ಓಡುತ್ತಿದೆ. ನಿದ್ದೆ ಇಲ್ಲ.

ಆ ಹಳದಿ ಟೀ ಶರ್ಟಿನವನಿಂದ ಎಲ್ಲ ಶುರುವಾಗಿದ್ದು. ಗಗನಚುಕ್ಕಿ ಜಲಪಾತದ ಕಂಬಿ ಹತ್ತಿರ ಅಕ್ಕನ ಮಗಳಿಗೆ ಹೇಳುತ್ತಿದ್ದೆ. ನೋಡು ಪುಟ್ಟಿ, 1902ರಲ್ಲೇ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು, ಸುಮಾರು 147 ಕಿಲೋಮೀಟರ್ ತಂತಿ ಎಳೆದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ಅದೂ ಇಲ್ಲಿಂದಲೇ. ಅವಳು ಕೇಳಿದ್ದು, "ಮಾಮ, ಆ ಅಂಕಲ್ ಯಾಕೆ ಬಾಟಲ್ ಎಸೆದ್ರು?"

ಹೋಗಿ ಕೇಳಿದೆ. ಮರ್ಯಾದೆಯಿಂದಲೇ. "ನಿಮ್ಮಪ್ಪನ ಜಾಗನಾ?" ಅಂದ. ಬಿಡಿ, ಇದು ಹೊಸದೇನಲ್ಲ. ಪಾರ್ಕಿಂಗ್ ಚೀಟಿ ಹರಿಯುವವನ ಹತ್ತಿರ ಹೋದೆ. "ಸಾರ್, ನಮ್ದು ಗಾಡಿ ಲೆಕ್ಕ ಮಾತ್ರ. ಬೇಕಾದ್ರೆ ನೀವೇ ಎತ್ತಿ" ಅಂತ ಗೋಣಿಚೀಲ ಕೊಟ್ಟ. ರೋಷಕ್ಕೆ ಇಸ್ಕೊಂಡೆ. ಅಲ್ಲೇ ಕೆಟ್ಟೆ.

ಬಗ್ಗಿ ಎತ್ತುತ್ತಿದ್ದೇನೆ. ಚಿಪ್ಸ್ ಪೊಟ್ಟಣ, ಜೋಳದ ದಿಂಡು, ಚುರುಮುರಿ ಕಾಗದ. ಒಬ್ಬ ಹೆಂಗಸು ಬಂದು ಎಂಜಲು ಪ್ಲೇಟು ಚಾಚಿ ಆ ಮಾತು ಅಂದರು. ಮುಖ ಕೂಡ ನೋಡಲಿಲ್ಲ. "ಅಮ್ಮ, ನಾನು ಮಳವಳ್ಳಿಯಲ್ಲಿ ಮೇಷ್ಟ್ರು" ಅನ್ನಬೇಕಿತ್ತು ಅಲ್ವಾ? ಬಾಯೇ ಬರಲಿಲ್ಲ. ಚೀಲ ಅಗಲ ಮಾಡಿ ಹಿಡಿದೆ. ಹಿಡಿದೆ ಕಣ್ರೀ! "ಆಗಲಿ ಅಮ್ಮ" ಅಂತ ಬೇರೆ ಅಂದೆ. ಹಳದಿ ಟೀ ಶರ್ಟು ಮೊಬೈಲ್ ಹಿಡಿದು ನಗುತ್ತಿತ್ತು. ಭಾವ ಕಾರಿನೊಳಗೇ ಕೂತು ಬೇರೆ ಕಡೆ ನೋಡಿದರು.

ಈಗ ಅನ್ನಿಸುತ್ತಿದೆ, ನನಗ್ಯಾಕೆ ಇಷ್ಟು ಉರಿ? ದಿನಾ ಎತ್ತುವವರಿಗೆ ದಿನಾ ಇದೇ ಮಾತು. ಅವರು ಪೋಸ್ಟ್ ಹಾಕಲ್ಲ. ಒಂದು ಗಂಟೆ ಎತ್ತಿದ ಮೇಷ್ಟ್ರು ಹಾಕ್ತಾರೆ.

ಆದರೂ ಯಾರಾದರೂ ಉತ್ತರ ಕೊಡಿ. ದುಡ್ಡು ವಸೂಲಿಗೆ ಇಬ್ಬರು, ಕಸದ ಡಬ್ಬ ಒಂದೇ. ಅದೂ ತುಂಬಿ ಸುರಿಯುತ್ತಿದೆ. ಜಲಪಾತೋತ್ಸವಕ್ಕೆ ಲೈಟು, ಹಾಡು, ಬ್ಯಾನರ್ ಎಲ್ಲ ಉಂಟು, ಮಾರನೇ ದಿನ ಗುಡಿಸೋರು ಯಾರು? ಇಲ್ಲೇ ಹತ್ತಿರ ಕಾವೇರಿ ಮೇಲಿನ ಹಳೇ ವೆಸ್ಲಿ ಸೇತುವೆ 2018ರ ನೆರೆಗೆ ಮುರಿದಾಗ ಅಯ್ಯೋ ಅಂದವರು ನಾವೇ ತಾನೇ? ಕನ್ನಂಬಾಡಿ ತುಂಬಿ ನೀರು ಬಿಟ್ಟರೆ ಕಸವೆಲ್ಲ ಕೊಚ್ಚಿಹೋಗುತ್ತೆ ಅಂತಾನೆ ಚೀಟಿಯವನು. ಎಲ್ಲಿಗೆ ಹೋಗುತ್ತೆ ಮಾರಾಯ? ಮುತ್ತತ್ತಿಗೆ ಹೋಗುತ್ತೆ, ಮೇಕೆದಾಟಿಗೆ ಹೋಗುತ್ತೆ!

ಹೋಗಲಿ ಬಿಡಿ. ಇನ್ನು ಆ ಕಡೆ ತಲೆ ಹಾಕಿಯೂ ಮಲಗಲ್ಲ.

ಬರೋ ಭಾನುವಾರ ಹೆಂಡತಿಯ ಚಿಕ್ಕಪ್ಪ ಬರುತ್ತಿದ್ದಾರೆ. ಗಗನಚುಕ್ಕಿ ನೋಡಬೇಕಂತೆ. ಆ ಗೋಣಿಚೀಲ ಇನ್ನೂ ಡಿಕ್ಕಿಯಲ್ಲೇ ಇದೆ.