ಶವಪೆಟ್ಟಿಗೆ ಕೊಂಡಿಟ್ಟು ಪತ್ರ ಬರೆದವನು

1566. ಚೀನಾದಲ್ಲಿ ಮಿಂಗ್ ವಂಶದ ಕಾಲ. ಜಿಯಾಜಿಂಗ್ ಚಕ್ರವರ್ತಿ ವರ್ಷಗಟ್ಟಲೆ ಸಭೆಗೇ ಬರುತ್ತಿರಲಿಲ್ಲ, ಸಾವಿಲ್ಲದ ಮದ್ದು ಹುಡುಕುತ್ತಾ ಕೂತಿದ್ದ. ಜನ ನಿಮ್ಮನ್ನು ಒಪ್ಪದೆ ಬಹಳ ಕಾಲವಾಯಿತು ಅಂತ ಹೈ ರುಯಿ ಎಂಬ ಅಧಿಕಾರಿ ಅವನಿಗೇ ಬರೆದು ಕಳಿಸಿದ.

ಚಕ್ರವರ್ತಿ ಪತ್ರವನ್ನು ನೆಲಕ್ಕೆ ಎಸೆದ. ಅವನನ್ನು ಹಿಡಿಯಿರಿ, ಓಡಿಹೋಗಲು ಬಿಡಬೇಡಿ ಅಂದ. ಪಕ್ಕದಲ್ಲಿದ್ದ ಅರಮನೆಯ ಊಳಿಗದವನು ಹೇಳಿದ: ಅವನು ಓಡುವುದಿಲ್ಲ. ಶವಪೆಟ್ಟಿಗೆ ಕೊಂಡಿಟ್ಟಿದ್ದಾನೆ, ಹೆಂಡತಿ ಮಕ್ಕಳಿಗೆ ಕಡೆಯ ಮಾತು ಹೇಳಿ ಬಂದಿದ್ದಾನೆ, ಮನೆಯ ಆಳುಗಳೆಲ್ಲ ಹೆದರಿ ಓಡಿದ್ದಾರೆ. ಚಕ್ರವರ್ತಿ ಸುಮ್ಮನಾದ. ಸ್ವಲ್ಪ ಹೊತ್ತಿಗೆ ಆ ಪತ್ರವನ್ನೇ ಎತ್ತಿಕೊಂಡು ಮತ್ತೆ ಓದಿದ. ಆಮೇಲೆ ಜೈಲಿಗೆ ಹಾಕಿಸಿದ ನಿಜ, ಕೊಲ್ಲಿಸಲಿಲ್ಲ.

ಈಗ 1959ಕ್ಕೆ ಬನ್ನಿ. ಹೈ ರುಯಿಯ ಹಾಗೆ ಧೈರ್ಯವಾಗಿ ಮಾತಾಡಿ ಅಂತ ಚೀನಾದ ನಾಯಕ ಮಾವೋ ಅವರೇ ತಮ್ಮ ಕಮ್ಯುನಿಸ್ಟ್ ಪಕ್ಷದವರಿಗೆ ಹೇಳಿದ್ದರು. ಅದೇ ವರ್ಷ ಲುಶಾನ್ ಬೆಟ್ಟದ ಸಭೆಯ ವೇಳೆ ರಕ್ಷಣಾ ಮಂತ್ರಿ ಪೆಂಗ್ ದೆಹುವಾಯ್, ಬೆಳೆ, ಉಕ್ಕಿನ ಉತ್ಪಾದನೆಯನ್ನು ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಏರಿಸಲು ಮಾವೋ ಹೂಡಿದ್ದ ಮಹಾ ಜಿಗಿತ ಯೋಜನೆಯ ತಪ್ಪುಗಳನ್ನು ತೋರಿಸಿ ಮಾವೋಗೆ ಪತ್ರ ಬರೆದರು. ಪೆಂಗ್‌ರ ಪದವಿ ಹೋಯಿತು.

ವು ಹಾನ್ ಮಿಂಗ್ ಕಾಲವನ್ನು ಅಧ್ಯಯನ ಮಾಡಿದ ದೊಡ್ಡ ಇತಿಹಾಸಕಾರ, ಬೀಜಿಂಗ್‌ನ ಉಪಮೇಯರ್ ಕೂಡ. ಅವರು ಹೈ ರುಯಿಯ ಮೇಲೊಂದು ನಾಟಕ ಬರೆದರು. 1961ರಲ್ಲಿ ಅದು ರಂಗಕ್ಕೆ ಬಂತು. ಬಲಾಢ್ಯರು ಕಸಿದುಕೊಂಡ ಜಮೀನನ್ನು ರೈತರಿಗೆ ವಾಪಸ್ ಕೊಡಿಸಿ, ಕೊನೆಗೆ ಪದವಿ ಕಳೆದುಕೊಳ್ಳುವ ಅಧಿಕಾರಿಯ ಕಥೆ. 1965ರ ನವೆಂಬರ್‌ನಲ್ಲಿ ಶಾಂಘೈನ ಪತ್ರಿಕೆಯೊಂದರಲ್ಲಿ ಯಾವೊ ವೆನ್‌ಯುವಾನ್ ಎಂಬ ವಿಮರ್ಶಕರು ಈ ನಾಟಕದ ಮೇಲೆ ಮುಗಿಬಿದ್ದರು. ಮುಂದಿನ ತಿಂಗಳು ಮಾವೋ ಇನ್ನೂ ನೇರವಾಗಿ ಹೇಳಿದರು: ಜಿಯಾಜಿಂಗ್ ಹೈ ರುಯಿಯನ್ನು ವಜಾ ಮಾಡಿದ, ನಾವು ಪೆಂಗ್‌ರನ್ನು ವಜಾ ಮಾಡಿದೆವು, ಪೆಂಗ್ ಕೂಡ ಹೈ ರುಯಿಯೇ. ಹಳೆಯದನ್ನೂ ವಿರೋಧಿಗಳನ್ನೂ ತೊಡೆದುಹಾಕಲು ಮಾವೋ ನಡೆಸಿದ ಸಾಂಸ್ಕೃತಿಕ ಕ್ರಾಂತಿಯ ಮೊದಲ ಕಿಡಿ ಹೊತ್ತಿದ್ದು ಈ ಜಗಳದಿಂದ. ವು ಹಾನ್ 1969ರಲ್ಲಿ ಸೆರೆಯಲ್ಲೇ ತೀರಿಕೊಂಡರು.

ನಾಟಕ ಬರೆಯುವಾಗ ವು ಹಾನ್ ಮನಸ್ಸಿನಲ್ಲಿ ಪೆಂಗ್ ಇದ್ದರಾ ಅಂತ ಇವತ್ತಿಗೂ ಕೇಳುವವರಿದ್ದಾರೆ. ನನಗೆ ಆ ಪ್ರಶ್ನೆ ಅಷ್ಟು ಮುಖ್ಯ ಅನ್ನಿಸುವುದಿಲ್ಲ. ಹಳೆಯ ಕಾಲದ ಹೆಸರಲ್ಲಿ ಇವತ್ತಿನವರಿಗೆ ಮುಟ್ಟಿಸುವುದು ಚೀನೀ ಬರವಣಿಗೆಯ ಹಳೇ ರೂಢಿ. ಮಲ್ಬೆರಿ ಮರ ತೋರಿಸಿ ಬೇರೆ ಮರವನ್ನು ಬೈಯುವುದು ಅಂತ ಅವರಲ್ಲೊಂದು ಮಾತೇ ಇದೆ. ಹೀಗೆ ಓದಿ ಬೆಳೆದ ಜನಕ್ಕೆ ಹೈ ರುಯಿಯ ನಾಟಕ ಬರೀ ಹೈ ರುಯಿಯದ್ದಾಗಿ ಉಳಿಯುವುದು ಹೇಗೆ, ಹೇಳಿ? ಮಾವೋ ಕೂಡ ಹಳೆಯ ಇತಿಹಾಸದ ಪುಸ್ತಕಗಳನ್ನು ಜೀವನವಿಡೀ ಓದಿದವರು. ಅವರಿಗೆ ಕೇಳಿಸದೆ ಇರುತ್ತಾ?

ಇದನ್ನು ಬರೀ ಸೆನ್ಸಾರ್ ಅಂದುಬಿಟ್ಟರೆ ಅರ್ಧ ಮಾತ್ರ ಹೇಳಿದ ಹಾಗೆ. ಒಂದು ವಾಕ್ಯಕ್ಕಾಗಿ ಸಾಯಲು ತಯಾರಾದವನು, ಒಂದು ವಾಕ್ಯಕ್ಕಾಗಿ ಕೊಲ್ಲುವವನು, ಇಬ್ಬರೂ ಬರಹಕ್ಕೆ ಅಷ್ಟು ಬಲ ಇದೆ ಅಂತಲೇ ನಂಬಿದವರು. ಆ ನಂಬಿಕೆ ಹೈ ರುಯಿಗಿಂತ ತುಂಬಾ ಹಳೆಯದು. ಕ್ರಿ.ಪೂ. 548ರಲ್ಲಿ ಚೀ ರಾಜ್ಯದ ಮಂತ್ರಿ ತ್ಸುಯಿ ಝು ತನ್ನ ದೊರೆಯನ್ನು ಕೊಲ್ಲಿಸಿದ. ಆಸ್ಥಾನದ ಇತಿಹಾಸಕಾರ ಅದನ್ನು ಹಾಗೇ ಬರೆದ. ಮಂತ್ರಿ ಅವನನ್ನು ಕೊಂದ. ತಮ್ಮ ಬಂದು ಅದನ್ನೇ ಬರೆದ, ಅವನೂ ಸತ್ತ. ಇನ್ನೊಬ್ಬ ತಮ್ಮನಿಗೂ ಅದೇ ಗತಿ. ನಾಲ್ಕನೆಯವನು ಬಂದು ಮತ್ತೆ ಅದೇ ಮಾತು ಬರೆದಾಗ ಮಂತ್ರಿ ಕೈಚೆಲ್ಲಿದ. ಇತ್ತ, ಇತಿಹಾಸಕಾರರೆಲ್ಲ ಸತ್ತರಂತೆ ಅನ್ನುವ ಸುದ್ದಿ ಕೇಳಿ ದಕ್ಷಿಣದ ಇತಿಹಾಸಕಾರ ಬರೆಯುವ ಬಿದಿರಿನ ಪಟ್ಟಿ ಹಿಡಿದು ಹೊರಟಿದ್ದ. ಬರೆದಾಗಿದೆ ಅಂತ ಗೊತ್ತಾದ ಮೇಲೆ ವಾಪಸ್ ಹೋದ.