ಸತ್ಯಾಂಶ: ಟ್ರೈನರ್ ಹತ್ತಿರ ಬಿಟ್ಟರೆ ನಾಯಿ ನಿಮ್ಮನ್ನು ಮರೆಯುತ್ತದೆಯೇ?

‘ನಾಯಿಯನ್ನು ಒಂದು ತಿಂಗಳು ಟ್ರೈನರ್ ಮನೆಯಲ್ಲಿ ಬಿಟ್ಟರೆ ಮಾಲೀಕರನ್ನೇ ಮರೆತುಬಿಡುತ್ತದೆ.’ ಕಲಬುರಗಿಯ ವಾಟ್ಸಾಪ್ ಗುಂಪುಗಳಲ್ಲಿ ಹೀಗೊಂದು ಮೆಸೇಜ್ ಓಡಾಡುತ್ತಿದೆ. ಇದು ನಿಜವಲ್ಲ.

ನಾಯಿ ಮನುಷ್ಯರನ್ನು ಮುಖ್ಯವಾಗಿ ವಾಸನೆ ಮತ್ತು ದನಿಯಿಂದ ಗುರುತಿಸುತ್ತದೆ. ಆ ನೆನಪು ಒಂದು ತಿಂಗಳಿಗೆಲ್ಲ ಅಳಿಯುವಂಥದ್ದಲ್ಲ. ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ ಹಡಗು ಪ್ರವಾಸ ಮುಗಿಸಿ 1836ರಲ್ಲಿ ಊರಿಗೆ ಬಂದಾಗ ಇದನ್ನೇ ಪರೀಕ್ಷಿಸಿದ್ದರು. 5 ವರ್ಷ 2 ದಿನ ಬಿಟ್ಟಿದ್ದ ನಾಯಿಯನ್ನು ಹಳೆಯ ರೀತಿಯಲ್ಲೇ ಕೂಗಿದರು. ಅದು ಕುಣಿದಾಡಲಿಲ್ಲ. ಅರ್ಧ ಗಂಟೆ ಹಿಂದಷ್ಟೇ ಬಿಟ್ಟುಹೋದವರ ಜೊತೆ ಹೋಗುವಂತೆ ಸುಮ್ನೆ ಹಿಂದೆ ನಡೆದು, ಹೇಳಿದಂತೆ ಕೇಳಿತಂತೆ!

ನಾಯಿ ಮರೆಯುವುದು ಪಾಠವನ್ನು. ಟ್ರೈನರ್ ಅಂಗಳದಲ್ಲಿ ‘ಸಿಟ್’ ಅಂದರೆ ಕೂರುವ ನಾಯಿ, ನಮ್ಮೂರಿನ ಅಪ್ಪನ ಕೆರೆಯ ಗದ್ದಲದಲ್ಲಿ ನಿಮ್ಮ ಮುಖ ನೋಡುತ್ತಾ ನಿಂತುಬಿಡಬಹುದು. ಜಾಗ, ಜನ ಬದಲಾದರೆ ಅದಕ್ಕೆ ಪಾಠವೂ ಹೊಸದು. ಹಾಗಾಗಿ ಕರೆತರುವ ಮೊದಲು ಟ್ರೈನರ್ ಬಳಸುವ ಪದಗಳನ್ನೂ ಕೈಸನ್ನೆಗಳನ್ನೂ ನೀವೇ ಕಲಿಯಿರಿ. ಮನೆಯಲ್ಲಿ ದಿನಕ್ಕೆ ಎರಡು ಸಲ, ಐದೈದು ನಿಮಿಷ ಅಭ್ಯಾಸ ಮಾಡಿಸಿದರೂ ಸಾಕು. ದುಡ್ಡು ಕೊಟ್ಟಾಯ್ತಲ್ಲ ಅಂತ ಕೂತರೆ ಆಗಲ್ಲ.

ಬಿಡುವ ಮುನ್ನ ರೇಬಿಸ್ ಲಸಿಕೆ, ಜೊತೆಗೆ ಡಿಸ್ಟೆಂಪರ್, ಪಾರ್ವೊ ಎಂಬ ನಾಯಿಗಳ ವೈರಸ್ ರೋಗಗಳ ಲಸಿಕೆ ಆಗಿರಲಿ. ಮೇ ತಿಂಗಳಲ್ಲಾದರೆ ಜಾಸ್ತಿ ಎಚ್ಚರ ಬೇಕು. ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ತಗಡಿನ ಶೆಡ್ ಒಲೆಯಂತಾಗುತ್ತದೆ. ನೆರಳು, ನೀರು ಕಣ್ಣಾರೆ ನೋಡಿ. ಮಧ್ಯೆ ಬಂದು ನೋಡುವುದು ಬೇಡ ಎನ್ನುವವರ ಹತ್ತಿರ ನಾನಂತೂ ಬಿಡುವುದಿಲ್ಲ. ಹೊಡೆದು ಕಲಿಸುತ್ತೇವೆ ಎಂದರೆ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅದು ಅಪರಾಧ.